ಹಿಮ್ಮುಖವಾಗಿ ಕೂತವನು

ಚಂಪಾ ನೋಲೀನಜ್ಜಿಯ ಕಾಲುಗುರು ಕತ್ತರಿಸುತ್ತಿದ್ದಾಗ ಕ್ರೇಗ್ ಪ್ರೆಬಲ್ ಬಾಗಿಲು ತಟ್ಟದೆ ಒಳಗೆ ಬಂದ. ಕಂಕುಳಲ್ಲಿ ಟೀವಿಯಷ್ಟು ಅಗಲದ ಒಂದು ಹಲಗೆ. ಅದನ್ನು ಮಂಚಕ್ಕೆ ಒರಗಿಸಿ, ಸುತ್ತಿದ್ದ ಪ್ಲಾಸ್ಟಿಕ್ ಹರಿದು, ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಹಲಗೆಯ ಮೇಲೆ ವಾಯುಪಡೆಯ ಟೋಪಿ ತೊಟ್ಟ ಇಪ್ಪತ್ತರ ಯುವಕನ ಮುಖವಿತ್ತು. ಅವನ ಬೆನ್ನ ಹಿಂದೆ ಕಿತ್ತಳೆ ಬಣ್ಣದ ಆಕಾಶ, ಕೆಳಗೆ ಒಂದೇ ಅಚ್ಚಿನ ಹನ್ನೆರಡು ಟೌನ್‌ಹೌಸ್‌ಗಳ ಸಾಲು. ಮೇಲ್ಗಡೆ ದಪ್ಪ ಅಕ್ಷರದಲ್ಲಿ 'ಗನ್ನರ್ಸ್ ರೋ' ಎಂದು ಬರೆದಿತ್ತು.

ನೋಲೀನಜ್ಜಿಗೆ ತೊಂಬತ್ತಾರು ವರ್ಷ. ವೆಲ್ಲಿಂಗ್ಟನ್ ಬಳಿಯ ಲೋವರ್ ಹಟ್‌ನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಆ ರೆಸ್ಟ್ ಹೋಮಿಗೆ ಬಂದು ನಾಲ್ಕು ವರ್ಷವಾಗಿತ್ತು. ದೃಷ್ಟಿಯ ನಡುಭಾಗ ಪೂರ್ತಿ ಹೋಗಿ ಅಂಚಿನಲ್ಲಷ್ಟೇ ಮಸುಕಾಗಿ ಕಾಣುತ್ತಿತ್ತು. ಏನನ್ನಾದರೂ ನೋಡಬೇಕಾದರೆ ಕೋಳಿಯ ಹಾಗೆ ಕತ್ತು ಓರೆ ಮಾಡುತ್ತಿದ್ದಳು. ಬುದ್ಧಿ ಮಾತ್ರ ಎಳ್ಳಷ್ಟೂ ಮಂಕಾಗಿರಲಿಲ್ಲ. ಅಲ್ಲಿ ಎಲ್ಲರೂ ಅವಳನ್ನು ಬರೀ ನೋಲೀನ್ ಎನ್ನುತ್ತಿದ್ದರು. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತ ಚಂಪಾಗೆ ಅಷ್ಟು ಹಿರಿಯಳನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳುತ್ತಿರಲಿಲ್ಲ. ಬಾಯಲ್ಲಿ ನೋಲೀನ್ ಎಂದರೂ ಮನಸ್ಸಿನಲ್ಲಿ ನೋಲೀನಜ್ಜಿ ಎಂದೇ ಅಂದುಕೊಳ್ಳುತ್ತಿದ್ದಳು.

ಕ್ರೇಗ್ ಆಕೆಯ ದೊಡ್ಡಣ್ಣನ ಮೊಮ್ಮಗ. ಐವತ್ತೈದರ ಆಸುಪಾಸಿನವನು. ಹಳೇ ಮನೆಗಳನ್ನು ಕೆಡವಿ ಅದೇ ಜಾಗದಲ್ಲಿ ಟೌನ್‌ಹೌಸ್ ಕಟ್ಟಿ ಮಾರುವುದು ಅವನ ಕಸುಬು. ರೆಸ್ಟ್ ಹೋಮ್ ನಡೆಸುವ ಟ್ರಸ್ಟಿನ ಸಮಿತಿಯಲ್ಲೂ ಅವನಿದ್ದ. ಪ್ರೆಬಲ್ ಕುಟುಂಬದ ಹಳೇ ಮನೆಯನ್ನು ಹಿಂದಿನ ವರ್ಷ ಕೆಡವಿ, ಅಲ್ಲೇ ಈ ಹನ್ನೆರಡು ಮನೆ ಎಬ್ಬಿಸಿದ್ದ. ಹಲಗೆಯ ಮೇಲಿನ ಮುಖ ನೋಲೀನಜ್ಜಿಯ ಅಣ್ಣ ಡೆಸ್ಮಂಡನದು. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಗನ್ನರ್ ಆಗಿ ಕೂತು ಬಂದೂಕು ಹಿಡಿದಿದ್ದವನು, ಅಲ್ಲೇ ಸತ್ತವನು.

ಕ್ರೇಗ್ ಹಲಗೆಯ ಮೇಲಿನದನ್ನು ಗಟ್ಟಿಯಾಗಿ ಓದಿದ. ನಗುನಗುತ್ತ ಆಕಾಶಕ್ಕೇರಿದ ವೀರ, ಶತ್ರುವಿನ ಎರಡು ವಿಮಾನಗಳನ್ನು ಹೊಡೆದುರುಳಿಸಿ ತಾಯ್ನಾಡಿಗಾಗಿ ಪ್ರಾಣ ಕೊಟ್ಟವನು, ಅವನು ಬೆಳೆದ ಮಣ್ಣಿನಲ್ಲಿ ಈಗ ನಿಮ್ಮ ಕನಸಿನ ಮನೆ. ಓದಿ ಮುಗಿಸಿ, ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆನ್ಜ್ಯಾಕ್ ದಿನದ ಮರುದಿನ ಉದ್ಘಾಟನೆ, ಪತ್ರಿಕೆಯವರು ಬರುತ್ತಾರೆ, ನೋಲೀನ್ ರಿಬ್ಬನ್ ಕತ್ತರಿಸಬೇಕು ಎಂದ.

ಎರಡು ವಿಮಾನದ ಕಥೆ ಯಾರು ಹೇಳಿದ್ದು ಎಂದು ಅಜ್ಜಿ ಕೇಳಿದಳು. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವಲ್ಲವೇ, ಮುತ್ತಜ್ಜನೇ ಹೇಳುತ್ತಿದ್ದನಂತೆ ಎಂದ ಕ್ರೇಗ್. ಅಜ್ಜಿ ಚಂಪಾಳ ಕಡೆಗೆ ಕೈ ಚಾಚಿದಳು. ಚಂಪಾ ಏನೆಂದು ತಿಳಿದು ಬೋಗುಣಿ ಹಿಡಿಯುವಷ್ಟರಲ್ಲಿ ಬೆಳಗಿನ ಪಾರಿಜ್ ಗಂಜಿ ಅಷ್ಟೂ ಹೊರಗೆ ಬಂತು. ಕ್ರೇಗ್ ಹಲಗೆಯನ್ನು ತಟಕ್ಕನೆ ಆಚೆಗೆ ಸರಿಸಿಕೊಂಡ. ಮೈ ಹುಷಾರಿಲ್ಲವೇ ಎಂದು ಕೇಳಿದ.

"ಹುಷಾರಿದ್ದೇನೆ. ಹೇಸಿಗೆಯಾಯಿತು, ಅಷ್ಟೇ" ಎಂದಳು ಅಜ್ಜಿ, ಬಾಯಿ ಒರೆಸಿಕೊಂಡು. "ನಿನ್ನ ರಿಬ್ಬನ್ ಕತ್ತರಿಸುತ್ತೇನೆ. ಕತ್ತರಿಸಿದ ಮೇಲೆ ಡೆಸ್ ಬಗ್ಗೆ ನಾನೂ ನಾಲ್ಕು ಮಾತು ಆಡುತ್ತೇನೆ. ಎಂಬತ್ತು ವರ್ಷದಿಂದ ಯಾರೂ ಕೇಳಿಲ್ಲ."

ಕ್ರೇಗ್ ನಕ್ಕ, ಆದರೆ ಅವನ ಕಣ್ಣು ನಗಲಿಲ್ಲ. ಹೋಗುವಾಗ ಹಲಗೆಯನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಜೋಪಾನವಾಗಿ ಸುತ್ತಿಕೊಂಡ.

ಅಂದು ಮಧ್ಯಾಹ್ನ ಪಾಳಿ ಮುಗಿಸಿ ಹೊರಟಿದ್ದ ಚಂಪಾಳನ್ನು ಅಜ್ಜಿ ಕರೆದು, ಕಪಾಟಿನಿಂದ ಬಿಸಿನೀರಿನ ಚೀಲಕ್ಕೆ ಹಾಕುವ ಉಣ್ಣೆಯ ಗವುಸು ತೆಗೆಸಿದಳು. ಅದರೊಳಗೆ ಮೂರು ಕಾಗದಗಳಿದ್ದವು. ಓದಲು ತನಗೆ ಕಣ್ಣಿಲ್ಲ, ಸಾಲುಗಳು ಬಾಯಿಪಾಠವಿದ್ದರೂ ಸಭೆಯಲ್ಲಿ ತಪ್ಪಬಾರದು, ಒಮ್ಮೆ ಓದಿ ಹೇಳುತ್ತೀಯಾ ಎಂದು ಕೇಳಿದಳು. ಚಂಪಾ ಗಂಡ ಗುರುರಾಜನಿಗೆ ಫೋನ್ ಮಾಡಿ ತಡವಾಗುತ್ತದೆಂದು ಹೇಳಿ ಕುರ್ಚಿ ಎಳೆದುಕೊಂಡಳು. ಆಮೇಲೆ ಮೂರು ಮಧ್ಯಾಹ್ನ ಅದೇ ನಡೆಯಿತು. ಚಂಪಾ ಓದುವುದು, ನಡುನಡುವೆ ಅಜ್ಜಿ ಕೈ ಎತ್ತಿ ನಿಲ್ಲಿಸಿ ಹೇಳುವುದು. ಹಾಗೆ ಡೆಸ್ಮಂಡನ ಬದುಕು ಅವಳ ಮುಂದೆ ತೆರೆದುಕೊಂಡಿತು.

ಡೆಸ್ಮಂಡ್ ಹುಟ್ಟಿದ್ದು ೧೯೨೩ರಲ್ಲಿ. ಅಪ್ಪ ಕುರಿ ಕಡಿದು ಮಾಂಸವನ್ನು ಹಡಗಿಗೆ ಕಳಿಸುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಸಂಜೆ ಮನೆಗೆ ಬಂದರೆ ಅಂಗಿಯಿಂದ ಕೊಬ್ಬಿನ ವಾಸನೆ ಹೊಡೆಯುತ್ತಿತ್ತು. ಡೆಸ್ ಗಿಡ್ಡ, ತೆಳ್ಳಗೆ, ಎಲ್ಲದಕ್ಕೂ ಬೇಗ ಹೇಸುವವನು. ತಟ್ಟೆಯಲ್ಲಿ ಮಾಂಸದ ನರ ಕಂಡರೆ ಎದ್ದು ಹೋಗುತ್ತಿದ್ದ. ಹದಿನೈದಕ್ಕೆ ಅಪ್ಪ ಅವನನ್ನು ತನ್ನ ಕಾರ್ಖಾನೆಗೇ ಸೇರಿಸಿದ. ಅವನು ಉಳಿದದ್ದು ಒಂದೇ ದಿನ. ಕಡಿಯುವ ಸಾಲಿನ ನಡುವೆ, ಅಪ್ಪನ ಕೈಕೆಳಗಿನ ನಲವತ್ತು ಆಳುಗಳ ಎದುರು ವಾಂತಿ ಮಾಡಿಕೊಂಡ. ಅವರೆಲ್ಲ ನಕ್ಕರು. ಅಪ್ಪ ಆ ನಗುವನ್ನು ಮರೆಯಲಿಲ್ಲ. ಆಮೇಲೆ ಡೆಸ್ ಉಣ್ಣೆ ಗಿರಣಿ ಸೇರಿ, ಉಣ್ಣೆ ಬಿಡಿಸಿ ಬೇರ್ಪಡಿಸುವ ಮೇಜಿನ ಮುಂದೆ ಮೂರು ವರ್ಷ ಸುಖವಾಗಿದ್ದ. ಬರುವಾಗ ಅವನ ಕೈ ಉಣ್ಣೆಯ ಜಿಡ್ಡಿನಿಂದ ಮೆತ್ತಗಿರುತ್ತಿತ್ತು. ತಂಗಿಯ ಗಲ್ಲಕ್ಕೆ ಅದನ್ನು ಒರೆಸಿ ನಗಿಸುತ್ತಿದ್ದ.

ಹದಿನೆಂಟಕ್ಕೆ ವಾಯುಪಡೆಗೆ ಹೆಸರು ಕೊಟ್ಟ. ಪೈಲಟ್ ಆಗುವ ಆಸೆಯಿತ್ತು. ಅವರು ಅವನ ಎತ್ತರ ಅಳೆದು, ಕಣ್ಣು ಪರೀಕ್ಷಿಸಿ, ನೀನು ಬಾಲದ ಗೂಡಿಗೆ ಸರಿಯಾದ ಆಳು ಎಂದರು. ವಿಮಾನದ ತುತ್ತತುದಿಯಲ್ಲಿ, ಗಾಜಿನಂಥ ಒಂದು ಗುಮ್ಮಟದೊಳಗೆ, ನಾಲ್ಕು ಬಂದೂಕುಗಳ ನಡುವೆ ಮುದುಡಿ, ಹಿಮ್ಮುಖವಾಗಿ ಎಂಟು ಗಂಟೆ ಕೂರುವ ಕೆಲಸ. ಅಪ್ಪ ಹಡಗುಕಟ್ಟೆಯಲ್ಲಿ ಮೊದಲ ಬಾರಿಗೆ ಅವನ ಹೆಗಲ ಮೇಲೆ ಕೈಯಿಟ್ಟ. ಕೆನಡಾದಲ್ಲಿ ತರಬೇತಿ, ಆಮೇಲೆ ಇಂಗ್ಲೆಂಡ್. ಮೊದಲ ಕಾಗದ ೧೯೪೩ರ ಆಗಸ್ಟ್‌ನದು, ಹ್ಯಾಂಬರ್ಗ್ ಊರು ಹೊತ್ತಿ ಉರಿದ ಮರುವಾರದ್ದು.

"ನೋಲ್," ಎಂದು ಚಂಪಾ ಓದಿದಳು, "ಉಳಿದ ಆರು ಜನ ಮುಂದೆ ನೋಡುತ್ತಾರೆ. ಬಾಂಬು ಬಿದ್ದ ಮೇಲೆ ಅವರ ಕಣ್ಣ ಮುಂದೆ ಮನೆಯ ದಾರಿ, ನನ್ನ ಕಣ್ಣ ಮುಂದೆ ಬೆಂಕಿ. ಬೆಂಕಿ ನೋಡಬಾರದು ಎಂದು ಹೇಳಿಕೊಟ್ಟಿದ್ದಾರೆ. ನೋಡಿದರೆ ಕತ್ತಲಿಗೆ ಕಣ್ಣು ಮಂಕಾಗಿ ಶತ್ರುವಿನ ವಿಮಾನ ಕಾಣುವುದಿಲ್ಲ. ನಾನು ನೋಡಿದೆ. ಒಂದು ಗಂಟೆ ಹತ್ತು ನಿಮಿಷ ನೋಡಿದೆ. ಅಷ್ಟು ಎತ್ತರಕ್ಕೂ ವಾಸನೆ ಬಂತು. ಅಪ್ಪನ ಅಂಗಿಯ ವಾಸನೆ ನಿನಗೆ ಗೊತ್ತಲ್ಲ. ಇಳಿದ ಮೇಲೆ ನಮಗೆ ಮೊಟ್ಟೆ ಮತ್ತು ಬೇಕನ್ ಕೊಡುತ್ತಾರೆ, ಊರಿನಲ್ಲಿ ಬೇರೆ ಯಾರಿಗೂ ಸಿಗದ್ದು. ನನ್ನ ಪಾಲು ಎಲ್ಲರೂ ಹಂಚಿಕೊಂಡು ತಿಂದರು. ತಿನ್ನುವುದನ್ನು ನೋಡುತ್ತ ಕೂತೆ."

ಅಲ್ಲಿ ಚಂಪಾ ನಿಲ್ಲಿಸಿದಳು. ಅಜ್ಜಿ ಮುಂದೆ ಓದು ಎಂದಳು.

ಹನ್ನೊಂದನೆಯ ಹಾರಾಟದ ಮಾರನೆಯ ದಿನ ಅವನು ಇನ್ನು ಹೋಗುವುದಿಲ್ಲ ಎಂದುಬಿಟ್ಟ. ಎರಡನೆಯ ಕಾಗದ ಅದರದು. ಡಾಕ್ಟರ ಹತ್ತಿರ ಕಳಿಸಿದರು. ನಿದ್ದೆ ಬರುತ್ತದೆಯೇ, ಕೈ ನಡುಗುತ್ತದೆಯೇ, ಹಾಸಿಗೆ ಒದ್ದೆಯಾಗುತ್ತದೆಯೇ ಎಂದೆಲ್ಲ ಡಾಕ್ಟರ್ ಕೇಳಿದ. "ಹೆದರಿಕೆಯೇ ಎಂದ. ಹೆದರಿಕೆ ಎಲ್ಲರಿಗೂ ಇದೆ, ನನಗೂ ಇದೆ, ಅದಕ್ಕಾಗಿ ಬಂದಿಲ್ಲ, ನನಗೆ ಹೇಸಿಗೆಯಾಗಿದೆ ಎಂದೆ. ಅವನು ಪೆನ್ನನ್ನು ಕಾಗದದ ಮೇಲೆ ಎತ್ತಿ ಹಿಡಿದು ಯೋಚಿಸಿದ. ಕೆಟ್ಟ ಮನುಷ್ಯನಲ್ಲ. ಆಮೇಲೆ ಹೆದರಿಕೆ ಎಂದೇ ಬರೆದ. ಅವರ ಹತ್ತಿರ ಹೆದರಿಕೆಗೆ ಫಾರಂ ಇದೆ, ಹೇಸಿಗೆಗೆ ಇಲ್ಲ."

ಅವನ ತೋಳಿನ ಪಟ್ಟಿ ಕಿತ್ತರು. ಎದೆಯ ಮೇಲಿನ ಗನ್ನರ್ ಬಿಲ್ಲೆ ಕಿತ್ತರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಅವರು ನೋಡುವ ಹಾಗೆ ಕಿತ್ತರು. ದಾರದ ತುಂಡುಗಳು ಅಂಗಿಯ ಮೇಲೆ ನೇತಾಡುತ್ತಿದ್ದವು ಎಂದು ಬರೆದಿದ್ದ. ಅಂಥವರನ್ನೇ ಗುಡ್ಡೆ ಹಾಕುವ ಒಂದು ಶಿಬಿರಕ್ಕೆ ಕಳಿಸಿ, ಕಕ್ಕಸು ತೊಳೆಯಲು ಹಚ್ಚಿದರು. ಅದು ಹಾರುವುದಕ್ಕಿಂತ ಎಷ್ಟೋ ಸ್ವಚ್ಛ ಕೆಲಸ ಎಂದು ಬರೆದಿದ್ದ. ಊರಿಗೆ ಬಂದು ಮತ್ತೆ ಗಿರಣಿ ಸೇರುತ್ತೇನೆ, ಎಲ್ಲ ಬಿಚ್ಚಿ ಅಪ್ಪನಿಗೂ ಬರೆದಿದ್ದೇನೆ, ಅಪ್ಪನ ಉತ್ತರಕ್ಕೆ ಕಾಯುತ್ತಿದ್ದೇನೆ ಎಂದೂ ಇತ್ತು.

ಮೂರನೆಯ ಕಾಗದ ಅರ್ಧ ಪುಟದ್ದು. "ಅಪ್ಪನ ಉತ್ತರ ಬಂತು. ಒಂದೇ ಸಾಲು. ಇಲ್ಲಿ ನಿನಗೆ ಹಾಸಿಗೆ ಇಲ್ಲ ಎಂದು. ಸಹಿ ಕೂಡ ಹಾಕಿಲ್ಲ. ನಾನು ತಪ್ಪಾಯಿತು ಎಂದು ಬರೆದುಕೊಟ್ಟು ಮತ್ತೆ ಗೂಡಿಗೆ ಹೋಗುತ್ತಿದ್ದೇನೆ. ಪಟ್ಟಿ ವಾಪಸ್ಸು ಕೊಟ್ಟರು, ನಾನೇ ಹೊಲಿದುಕೊಂಡೆ. ನೀನು ಶಾಲೆ ಬಿಡಬೇಡ."

ಆಮೇಲೆ ಮೂರು ಬಾರಿ ಹೋದ. ೧೯೪೪ರ ಜನವರಿಯಲ್ಲಿ, ಹದಿನಾಲ್ಕನೆಯ ಹಾರಾಟದಲ್ಲಿ ಸತ್ತ.

ಮನೆಗೆ ತಂತಿ ಬಂದಾಗ ನೋಲೀನಳಿಗೆ ಹದಿನಾಲ್ಕು. ಅಪ್ಪ ಅದನ್ನು ಚೌಕಟ್ಟು ಹಾಕಿಸಿ ಬೆಂಕಿಗೂಡಿನ ಮೇಲಿಟ್ಟ. ಮಗನ ಹಳೇ ಕಾಗದಗಳನ್ನು ಅವನು ಆಗಲೇ ಸುಟ್ಟಿದ್ದ. ತಿಂಗಳೊಳಗೆ ಎರಡು ವಿಮಾನ ಉರುಳಿಸಿದ ಕಥೆ ಊರಿನಲ್ಲಿ ಓಡಾಡತೊಡಗಿತು. ಕಾರ್ಖಾನೆಯಲ್ಲಿ ಹಿಂದೆ ನಕ್ಕಿದ್ದ ಆಳುಗಳು ಈಗ ಅಪ್ಪನ ಕೈ ಕುಲುಕಿದರು. ಊರಿನ ಸ್ಮಾರಕದ ಮೇಲೆ ಹೆಸರು ಕೆತ್ತಿದ ದಿನ ಅಪ್ಪ ಮುಂದಿನ ಸಾಲಿನಲ್ಲಿ ಕೂತು ಅತ್ತ. ನಾನೂ ಅವನ ಪಕ್ಕ ಕೂತು ಹೆಮ್ಮೆಯಿಂದ ಅತ್ತಿದ್ದೆ ಎಂದು ಹೇಳುವಾಗ ಅಜ್ಜಿಯ ಮುಖ ಹುಳಿ ತಿಂದವರ ಹಾಗಾಯಿತು.

೧೯೪೬ರಲ್ಲಿ ದಕ್ಷಿಣ ದ್ವೀಪದ ಕಡೆಯವನೊಬ್ಬ ಮನೆ ಹುಡುಕಿಕೊಂಡು ಬಂದ. ಅದೇ ವಿಮಾನದಲ್ಲಿ ನಕ್ಷೆ ಹಿಡಿದು ದಾರಿ ಹೇಳುತ್ತಿದ್ದ ನ್ಯಾವಿಗೇಟರ್. ಹೊರಕೋಣೆಯಲ್ಲಿ ಚಹಾ ಕುಡಿದು, ನಿಮ್ಮ ಮಗ ನೋವಿಲ್ಲದೆ ಹೋದ ಎಂದು ಅಪ್ಪನಿಗೆ ಹೇಳಿದ. ಎರಡು ವಿಮಾನದ ಮಾತು ಅಪ್ಪನೇ ಎತ್ತಿದಾಗ ಅವನು ತಲೆ ತಗ್ಗಿಸಿ ಬಿಸ್ಕತ್ತು ಮುರಿದ. ಹದಿನೇಳರ ನೋಲೀನ್ ಅದನ್ನು ಗಮನಿಸಿದಳು. ಸ್ಟೇಷನ್ನಿನವರೆಗೆ ಅವನ ಜೊತೆ ನಡೆದು, ನಿಜ ಹೇಳಿ ಎಂದು ಕೇಳಿದಳು. ನಡೆಯುತ್ತಲೇ ಅವನು ಹೇಳಿದ.

ಡೆಸ್ ಯಾವ ವಿಮಾನವನ್ನೂ ಉರುಳಿಸಿರಲಿಲ್ಲ. ಆ ದಿನ ಬಂದೂಕಿನ ಎಣ್ಣೆ ಚಳಿಗೆ ಹೆಪ್ಪುಗಟ್ಟಿತ್ತು. ಶತ್ರುವಿನ ವಿಮಾನ ಹಿಂದಿನಿಂದ, ಕೆಳಗಿನಿಂದ ಬಂತು. ಬಂದೂಕಿನಿಂದ ಗುಂಡು ಹಾರಲಿಲ್ಲ. ಅವನು ಎಡಕ್ಕೆ ಧುಮುಕು ಎಂದು ಇಂಟರ್‌ಕಾಮಿನಲ್ಲಿ ಪೈಲಟ್‌ಗೆ ಹೇಳಿದ. ಎಲ್ಲರ ಕಿವಿಗೂ ಆ ದನಿ ಕೇಳಿಸಿತ್ತು, ಶಾಂತವಾಗಿತ್ತು. ಪೈಲಟ್ ಧುಮುಕಿದ. ರೆಕ್ಕೆಗೆ, ಪೆಟ್ರೋಲ್ ಟ್ಯಾಂಕಿಗೆ ಬೀಳಬೇಕಾಗಿದ್ದ ಗುಂಡುಗಳು ಬಾಲಕ್ಕೆ ಬಿದ್ದವು. ಆರು ಜನ ಬದುಕಿ ಇಳಿದರು. ಗೂಡಿನ ಬಾಗಿಲು ಸೆಟೆದುಕೊಂಡಿತ್ತು. ಕೊಡಲಿಯಿಂದ ಒಡೆದರು. ಎತ್ತಿಕೊಳ್ಳುವಂಥದ್ದನ್ನು ಎತ್ತಿಕೊಂಡರು. ಉಳಿದದ್ದನ್ನು ನೀರಿನ ಪೈಪು ಹಿಡಿದು ತೊಳೆದರು. ತೊಳೆದವರು ಮಧ್ಯಾಹ್ನ ಊಟಕ್ಕೆ ಹೋದರು. ಮೂರನೆಯ ದಿನಕ್ಕೆ ಅದೇ ಗೂಡಿನಲ್ಲಿ ಬೇರೊಬ್ಬ ಕೂತ.

ಇಷ್ಟು ಹೇಳಿ ನ್ಯಾವಿಗೇಟರ್ ಕೋಟಿನ ಒಳಜೇಬಿನಿಂದ ಮೂರು ಕಾಗದ ತೆಗೆದುಕೊಟ್ಟ. ಅಂಚೆಗೆ ಹಾಕಿದರೆ ಒಡೆದು ನೋಡುತ್ತಾರೆಂದು ಡೆಸ್ ಅವನ್ನು ಇವನ ಕೈಗೆ ಕೊಟ್ಟಿಟ್ಟಿದ್ದ. ಅಪ್ಪನಿಗೆ ಕೊಡಬೇಡ ಎಂದೂ ಹೇಳಿದ್ದ.

ನೋಲೀನ್ ಆ ಮನೆಯಲ್ಲಿ ಇನ್ನೂ ಇಪ್ಪತ್ತೆರಡು ವರ್ಷ ಇದ್ದಳು. ತಾಯಿ ಮೊದಲೇ ಹೋಗಿದ್ದಳು, ದೊಡ್ಡಣ್ಣ ಬೇರೆ ಮನೆ ಮಾಡಿದ್ದ. ಅವಳು ಶಾಲೆಯಲ್ಲಿ ಪಾಠ ಹೇಳಿದಳು, ಅಪ್ಪನಿಗೆ ಅಡುಗೆ ಮಾಡಿ ಬಡಿಸಿದಳು. ಆ ಇಪ್ಪತ್ತೆರಡು ವರ್ಷ ಒಂದು ದಿನವೂ ಅವನ ಮೇಜಿಗೆ ಊಟಕ್ಕೆ ಕೂರಲಿಲ್ಲ. ಅಡುಗೆಮನೆಯಲ್ಲಿ ನಿಂತೇ ಉಂಡಳು. ಕಾರಣ ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ. ಸಾಯುವಾಗ ಅವನು ಕೈ ಹಿಡಿ ಎಂದಾಗ ಹಿಡಿಯಲು ಆಗಲಿಲ್ಲ ಎಂದು ಅಜ್ಜಿ ಚಂಪಾಗೆ ಹೇಳಿದಳು. ಪಶ್ಚಾತ್ತಾಪದ ಮಾತಾಗಿ ಹೇಳಲಿಲ್ಲ.

ಚಂಪಾಗೆ ಆ ವಾರ ಉಂಡ ಅನ್ನ ಮೈಗೆ ಹತ್ತಲಿಲ್ಲ. ಅಡುಗೆಮನೆಯಲ್ಲಿ ನಲ್ಲಿಯ ಪೈಪಿನಿಂದ ಸಿಂಕ್ ತೊಳೆಯಲು ಹೋಗಿ ಕೈಬಿಟ್ಟಳು.

ಏಪ್ರಿಲ್ ನಾಲ್ಕನೆಯ ವಾರ ವಂದನಾ ಅವಳನ್ನು ತನ್ನ ಕೋಣೆಗೆ ಕರೆದಳು. ವಂದನಾ ಮೈಸೂರಿನವಳು, ಅಲ್ಲಿನ ನರ್ಸುಗಳಿಗೆಲ್ಲ ಮೇಲಧಿಕಾರಿ. ಎಂಟು ವರ್ಷದ ಹಿಂದೆ ಚಂಪಾ ಈ ದೇಶಕ್ಕೆ ಬಂದಾಗ ಎರಡು ತಿಂಗಳು ಮನೆಯಲ್ಲಿಟ್ಟುಕೊಂಡು, ನೋಂದಣಿಯ ಕಾಗದಪತ್ರ ಮಾಡಿಸಿ, ಕೆಲಸ ಕೊಡಿಸಿದವಳು. ಚಂಪಾ ಅವಳನ್ನು ಅಕ್ಕಾರ ಎಂದೇ ಕರೆಯುತ್ತಿದ್ದಳು. ವಂದನಾ ಬಾಗಿಲು ಹಾಕಿ, ಚಹಾ ಕೊಟ್ಟು, ಮೊದಲು ಚಂಪಾಳ ಮಗಳು ಕೃತಿಯ ಓದಿನ ಬಗ್ಗೆ ವಿಚಾರಿಸಿದಳು. ಆಮೇಲೆ ಶನಿವಾರದ ಉದ್ಘಾಟನೆಯ ಮಾತು ತೆಗೆದಳು. ನೋಲೀನ್‌ಗೆ ಹೊರಡುವ ಮುಂಚೆ ಸಮಾಧಾನದ ಮಾತ್ರೆ ಒಂದು ಕೊಟ್ಟು ಕಳಿಸಿದರೆ ಒಳ್ಳೆಯದು ಎಂದಳು.

"ಡಾಕ್ಟರೇ ಬರೆದಿಟ್ಟಿದ್ದಾರೆ ಕಣೇ, ಬೇಕಾದಾಗ ಕೊಡಿ ಅಂತ. ಅವತ್ತು ಅವ್ರಿಗೆ ಟೆನ್ಶನ್ ಆಗತ್ತೆ."

"ಆಕಿಗೆ ಟೆನ್ಶನ್ ಇಲ್ರಿ ಅಕ್ಕಾರ. ಮಾತಾಡೂದೈತಿ, ಅಷ್ಟ."

"ಅದೇ ಟೆನ್ಶನ್ನು."

"ಯಾರಿಗ್ರಿ?"

ವಂದನಾ ಕಪ್ಪನ್ನು ತಟ್ಟೆಯ ಮೇಲೆ ತಿರುಗಿಸಿದಳು. ಕ್ರೇಗ್ ಟ್ರಸ್ಟಿನವರು, ನಮ್ಮ ಹೋಮಿನ ಹೊಸ ಕಟ್ಟಡ ಅವರ ಕೈಯಲ್ಲೇ ಇದೆ, ಎಂಬತ್ತು ವರ್ಷದ ಹಿಂದಿನ ಹೊಲಸನ್ನು ಜನರ ಮುಂದೆ ಕೆದಕಿದರೆ ಯಾರಿಗೆ ಲಾಭ ಎಂದಳು. ಮುದುಕಿ ಒಂದು ಗಂಟೆ ತಣ್ಣಗೆ ಕೂತು ಬರಲಿ, ಯಾರಿಗೂ ನೋವಾಗುವುದಿಲ್ಲ ಎಂದಳು. ಕೊನೆಗೆ, ಇಷ್ಟು ವರ್ಷದಲ್ಲಿ ನಾನು ನಿನ್ನ ಹತ್ತಿರ ಏನನ್ನೂ ಕೇಳಿಲ್ಲ ಎಂದಳು.

"ಇದನ್ನ ಮಾತ್ರ ಕೇಳಬ್ಯಾಡ್ರಿ" ಎಂದು ಚಂಪಾ ಎದ್ದಳು. ಚಹಾ ಮುಟ್ಟಿರಲಿಲ್ಲ.

ಕಾರಿನಲ್ಲಿ ಕೂತ ಮೇಲೆ ಅವಳಿಗೆ ವಂದನಾಳಿಗಿಂತ ತನ್ನ ಮೇಲೇ ಹೆಚ್ಚು ಅಸಹ್ಯವಾಯಿತು. ಹಿಂದಿನ ಚಳಿಗಾಲದಲ್ಲಿ ಏಳನೇ ಕೋಣೆಯ ಮುದುಕನೊಬ್ಬ ಇಡೀ ಮಧ್ಯಾಹ್ನ ಹೆಂಡತಿಯ ಹೆಸರು ಹಿಡಿದು ಕೂಗುತ್ತಿದ್ದ. ಆಳು ಕಡಿಮೆಯಿದ್ದರು. ವಂದನಾ ಹೇಳಿದ್ದಳು, ಚಂಪಾ ಇಂಥದೇ ಮಾತ್ರೆಯನ್ನು ಜಾಮಿನಲ್ಲಿ ಅರೆದು ಕೊಟ್ಟಿದ್ದಳು. ಅವನು ಸುಮ್ಮನಾದ. ಅವಳು ಚಾರ್ಟಿನಲ್ಲಿ ಕಳವಳ ಎಂದು ಬರೆದಿದ್ದಳು. ಅವನಿಗೆ ಇದ್ದದ್ದು ಕಳವಳವಲ್ಲ, ಹೆಂಡತಿ ಸತ್ತ ದುಃಖ ಎಂದು ಅವಳಿಗೆ ಆಗಲೂ ಗೊತ್ತಿತ್ತು.

ಶನಿವಾರ ಚಂಪಾಗೆ ರಜೆ. ಆದರೂ ಅಜ್ಜಿಯ ಜೊತೆ ತಾನೇ ಹೋಗುತ್ತೇನೆಂದು ಒಪ್ಪಿಕೊಂಡಿದ್ದಳು. ಹತ್ತು ಗಂಟೆಗೆ ಬಂದು ನೋಡಿದರೆ ನೋಲೀನಜ್ಜಿ ಗಾಲಿಕುರ್ಚಿಯಲ್ಲಿ ಒಂದು ಕಡೆ ವಾಲಿದ್ದಳು. ನೀಲಿ ಕೋಟು ತೊಡಿಸಿ, ಎದೆಗೆ ಸತ್ತ ಸೈನಿಕರ ನೆನಪಿಗೆ ತೊಡುವ ಕೆಂಪು ಕಾಗದದ ಗಸಗಸೆ ಹೂ ಚುಚ್ಚಿದ್ದರು. ತುಟಿಯ ಮೂಲೆಯಿಂದ ಜೊಲ್ಲು ಇಳಿದು ಕಾಲರ್ ಒದ್ದೆಯಾಗಿತ್ತು. ತಿಂಡಿ ತಿನ್ನಿಸಿದ ಸಹಾಯಕಿಯನ್ನು ಕೇಳಿದರೆ, ಬೆಳಿಗ್ಗೆ ತುಂಬ ಖುಷಿಯಲ್ಲಿದ್ದರು, ಭಾಷಣವನ್ನು ನನಗೇ ಎರಡು ಸಲ ಹೇಳಿ ತೋರಿಸಿದರು ಎಂದಳು. ಚಂಪಾ ಔಷಧಿಯ ಚಾರ್ಟು ತೆಗೆದಳು. ಎಂಟೂವರೆಗೆ ಮಾತ್ರೆ, ಒಂದಲ್ಲ ಎರಡು. ಕಾರಣ ಕಳವಳ. ಪಕ್ಕದಲ್ಲಿ ವಂದನಾಳ ಸಹಿ.

ಈ ಸ್ಥಿತಿಯಲ್ಲಿ ಹೊರಗೆ ಕರೆದೊಯ್ಯಬಾರದು ಎಂದು ಚಂಪಾ ಹೇಳಿದಳು. ವ್ಯಾನು ಬಾಗಿಲಿಗೆ ಬಂದು ನಿಂತಿತ್ತು. ನೀನು ಬರದಿದ್ದರೆ ಬೇರೆಯವರನ್ನು ಕಳಿಸುತ್ತೇನೆ ಎಂದಳು ವಂದನಾ, ಅವಳ ಮುಖ ನೋಡದೆ. ಚಂಪಾ ನಾಡಿ, ಬಿಪಿ ನೋಡಿ, ಅಜ್ಜಿಯ ಕುರ್ಚಿ ಹಿಡಿದು ವ್ಯಾನು ಹತ್ತಿದಳು.

ಟೌನ್‌ಹೌಸ್‌ಗಳ ಮುಂದೆ ಬಿಳಿ ಡೇರೆ ಹಾಕಿದ್ದರು. ಗಾಳಿಗೆ ಅದರ ಅಂಚು ಪಟಪಟ ಹೊಡೆದುಕೊಳ್ಳುತ್ತಿತ್ತು. ಅರವತ್ತು ಎಪ್ಪತ್ತು ಜನ, ಕೈಯಲ್ಲಿ ವೈನಿನ ಲೋಟ, ಎದೆಯಲ್ಲಿ ಕಾಗದದ ಹೂ. ಅದೇ ಹಲಗೆಯನ್ನು ಡೇರೆಯ ಪಕ್ಕ ನಿಲ್ಲಿಸಿದ್ದರು. ಕ್ರೇಗ್ ಮೈಕಿನಲ್ಲಿ ನಗುನಗುತ್ತ ಆಕಾಶಕ್ಕೇರಿದವನ ಕಥೆ ಹೇಳಿದ. ಹೇಳುತ್ತ ಕಣ್ಣು ಒರೆಸಿಕೊಂಡ. ಅವನ ದುಃಖ ಸುಳ್ಳಾಗಿರಲಿಲ್ಲ, ಅದೇ ಚಂಪಾಗೆ ಇನ್ನೂ ಹೇಸಿಗೆ ತರಿಸಿತು. ಆಮೇಲೆ ಅವನು ಬಂದು ಅಜ್ಜಿಯ ಕುರ್ಚಿಯ ಪಕ್ಕ ಮಂಡಿಯೂರಿ, ಅವಳ ಸತ್ವವಿಲ್ಲದ ಬೆರಳುಗಳಿಗೆ ಕತ್ತರಿ ತೂರಿಸಿ, ತನ್ನ ಕೈಯಿಂದ ಆ ಕೈಯನ್ನು ಅದುಮಿ ಹಿಡಿದ. ಫೋಟೋದವರು ಮುಂದೆ ಬಂದರು. ಯಾರೋ ಒಬ್ಬರು ಪಾಪ, ಭಾವುಕರಾಗಿದ್ದಾರೆ ಎಂದರು.

ಚಂಪಾ ಬಗ್ಗಿ ಕತ್ತರಿಯನ್ನು ಅಜ್ಜಿಯ ಬೆರಳಿನಿಂದ ಬಿಡಿಸಿದಳು. ಅದನ್ನು ಕ್ರೇಗನ ಕೈಗೆ ಕೊಟ್ಟಳು. ಕರವಸ್ತ್ರದಿಂದ ಅಜ್ಜಿಯ ಬಾಯಿ ಒರೆಸಿ, ಕುರ್ಚಿಯ ಬ್ರೇಕು ತೆಗೆದು, ತಿರುಗಿಸಿ, ಜನರ ನಡುವೆ ತಳ್ಳಿಕೊಂಡು ಹೊರಟಳು. ಜನ ದಾರಿ ಬಿಟ್ಟರು. ರಸ್ತೆಯ ಹತ್ತಿರ ಸ್ಥಳೀಯ ಪತ್ರಿಕೆಯ ಹುಡುಗಿಯೊಬ್ಬಳು ಓಡುತ್ತ ಬಂದು, ಇವರು ಯಾವಾಗಲೂ ಹೀಗೆಯೇ ಎಂದು ಕೇಳಿದಳು.

"ಅಲ್ಲ. ಇವತ್ತು ಇವರು ಮಾತಾಡುವವರಿದ್ದರು. ಮಾತಾಡಬಾರದೆಂದು ಬೆಳಿಗ್ಗೆ ಮಾತ್ರೆ ಕೊಟ್ಟಿದ್ದಾರೆ" ಎಂದಳು ಚಂಪಾ, ತನ್ನ ನಿಧಾನವಾದ ಇಂಗ್ಲಿಷಿನಲ್ಲಿ. ಹೇಳಿದ ಮರುಕ್ಷಣವೇ ಅದರ ಪರಿಣಾಮ ಅವಳಿಗೆ ಹೊಳೆಯಿತು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಜ್ಜಿಗೆ ಪೂರ್ತಿ ಎಚ್ಚರವಾದದ್ದು ಸಂಜೆ ಐದಕ್ಕೆ. ಮುಗಿಯಿತೇ ಎಂದು ಕೇಳಿದಳು. ಚಂಪಾ ನಡೆದದ್ದನ್ನೆಲ್ಲ ಹೇಳಿದಳು, ಮಾತ್ರೆಯ ವಿಷಯವನ್ನೂ ಮುಚ್ಚಲಿಲ್ಲ. ಅಜ್ಜಿ ಅಳಲಿಲ್ಲ. ಹಲ್ಲಿನ ಸೆಟ್ಟು ತೆಗೆದು ತೊಳೆದುಕೊಡು, ಬಾಯೆಲ್ಲ ಆ ಜಾಮಿನ ರುಚಿ ಎಂದಳು. ತೊಳೆದುಕೊಟ್ಟ ಮೇಲೆ, ಒಂದು ಕಾಗದ ತೆಗೆದುಕೊ, ನಾನು ಹೇಳಿದಂತೆ ಬರಿ ಎಂದಳು.

ಪತ್ರಿಕೆಯಲ್ಲಿ ಎರಡು ವಾರ ಅದೇ ಸುದ್ದಿಯಾಯಿತು. ಅಜ್ಜಿ ಬರೆಸಿದ ಪತ್ರದಲ್ಲಿ ಅರ್ಧದಷ್ಟನ್ನು ಅವರು ಅಚ್ಚು ಹಾಕಿದರು, ನೀರಿನ ಪೈಪಿನ ಸಾಲುಗಳನ್ನು ಓದುಗರಿಗೆ ಬೇಸರವಾಗುತ್ತದೆಂದು ಬಿಟ್ಟರು. ವಿಚಾರಣೆ ನಡೆದು ವಂದನಾ ಹುದ್ದೆ ಕಳೆದುಕೊಂಡಳು. ರೋಗಿಯ ವಿಷಯವನ್ನು ಹೊರಗೆ ಹೇಳಿದ್ದಕ್ಕಾಗಿ ಚಂಪಾಗೂ ಲಿಖಿತ ಎಚ್ಚರಿಕೆ ಬಂತು. ಅವಳು ಅದಕ್ಕೆ ಸಹಿ ಹಾಕಿ, ಏಳನೇ ಕೋಣೆಯ ಮುದುಕನ ವಿಷಯವನ್ನೂ ತಾನೇ ಬರೆದುಕೊಟ್ಟು, ರಾಜೀನಾಮೆಯನ್ನೂ ಕೊಟ್ಟಳು. ಹಟ್ ಕಣಿವೆಯ ಕನ್ನಡದವರ ಮನೆಗಳಲ್ಲಿ, ಯಾರೋ ಮುದುಕಿಗಾಗಿ ತನಗೆ ಅನ್ನ ಕೊಟ್ಟವಳನ್ನೇ ಬೀದಿಗೆ ತಂದಳು ಎಂಬ ಮಾತು ಹರಡಿತು. ಹುಟ್ಟುಹಬ್ಬದ ಕರೆಗಳು ನಿಂತವು. ವಂದನಾ ಒಮ್ಮೆ ಸೂಪರ್ ಮಾರ್ಕೆಟ್ಟಿನಲ್ಲಿ ಎದುರಾಗಿ, ಬೇಳೆಯ ಪ್ಯಾಕೆಟ್ಟು ಕೈಯಲ್ಲಿ ಹಿಡಿದೇ, ನಿನಗೆ ಒಳ್ಳೇದಾಗ್ಲಿ ಕಣೇ ಎಂದು ಹೇಳಿ ಮುಂದೆ ಹೋದಳು. ಚಂಪಾ ಆ ಮಾತನ್ನು ಎಷ್ಟೋ ದಿನ ಮನಸ್ಸಿನಲ್ಲಿ ಹೊರಳಿಸಿ ನೋಡಿದಳು. ಅದು ಶಾಪವೋ ಹಾರೈಕೆಯೋ ತಿಳಿಯಲಿಲ್ಲ.

ಜೂನಿನಲ್ಲಿ ಅವಳಿಗೆ ವೆಲ್ಲಿಂಗ್ಟನ್ನಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಭಾನುವಾರಗಳಲ್ಲಿ ನೋಲೀನಜ್ಜಿಯನ್ನು ನೋಡಲು ಹೋಗುತ್ತಿದ್ದಳು. ಒಂದು ಭಾನುವಾರ ಅಜ್ಜಿ ಮೂರು ಕಾಗದಗಳನ್ನೂ, ನ್ಯಾವಿಗೇಟರ್ ಹೇಳಿದ್ದನ್ನು ತಾನೇ ಬರೆಸಿದ ಹಾಳೆಗಳನ್ನೂ ವೆಲ್ಲಿಂಗ್ಟನ್ನಿನ ಗ್ರಂಥಾಲಯವೊಂದಕ್ಕೆ ಕೊಡುವ ಪತ್ರಕ್ಕೆ ಸಹಿ ಹಾಕಿದಳು. ಯಾರು ಬಂದು ಕೇಳಿದರೂ ಓದಲು ಕೊಡಬೇಕು, ಒಂದು ಸಾಲನ್ನೂ ಬಿಡಬಾರದು ಎಂದು ಷರತ್ತು ಬರೆಸಿದಳು. ಆಗಸ್ಟ್ ಮೊದಲ ವಾರ, ಮಧ್ಯಾಹ್ನದ ಚಹಾದ ಹೊತ್ತಿಗೆ, ನ್ಯುಮೋನಿಯಾದಿಂದ ತೀರಿಕೊಂಡಳು.

ಅಂತ್ಯಕ್ರಿಯೆಯಲ್ಲಿ ಕ್ರೇಗ್ ಮಾತಾಡಿದ. ನೋಲೀನ್ ತನ್ನ ವೀರ ಅಣ್ಣನ ನೆನಪಿನಲ್ಲೇ ಬದುಕಿದಳು, ತಂದೆಯನ್ನು ಕೊನೆಯ ಉಸಿರಿನವರೆಗೆ ಪ್ರೀತಿಯಿಂದ ನೋಡಿಕೊಂಡಳು, ಈಗ ಮೂವರೂ ಒಂದೇ ಕಡೆ ಸೇರಿದ್ದಾರೆ ಎಂದ. ಮುಂದಿನ ಸಾಲಿನವರು ಮೂಗು ಒರೆಸಿಕೊಂಡರು. ಚಂಪಾ ಹಿಂದಿನ ಸಾಲಿನಲ್ಲಿ ಕೂತಿದ್ದಳು.

ಚಹಾದ ಮೇಜಿನ ಹತ್ತಿರ ಅವನೇ ಅವಳನ್ನು ಹುಡುಕಿಕೊಂಡು ಬಂದ. ಕಾಗದಗಳು ಕುಟುಂಬದ ಆಸ್ತಿ, ನಿಮ್ಮ ಹತ್ತಿರ ಇದ್ದರೆ ವಾಪಸ್ಸು ಕೊಡಿ ಎಂದ. ಅವು ಗ್ರಂಥಾಲಯದಲ್ಲಿವೆ, ನೋಲೀನ್ ಅವರದೇ ಸಹಿಯಿದೆ, ಕೇಳಿದರೆ ಯಾರು ಬೇಕಾದರೂ ಓದಬಹುದು ಎಂದಳು ಚಂಪಾ.

"ನೀವು ಓದಿದಿರಾ?" ಎಂದ ಕ್ರೇಗ್.

"ಮೂರನ್ನೂ ಓದಿದೆ. ಏನಿದೆ ಎಂದು ಹೇಳಲೇ?"

ಕ್ರೇಗ್ ಕೈಯಲ್ಲಿದ್ದ ಸಾಸೇಜ್ ರೋಲಿನ ಕಡೆ ನೋಡಿದ. ಆಮೇಲೆ ಹೊಸದಾಗಿ ಒಳಗೆ ಬಂದ ಯಾರನ್ನೋ ಕೈಬೀಸಿ ಕರೆಯುತ್ತ, ಬಂದಿದ್ದಕ್ಕೆ ಥ್ಯಾಂಕ್ಸ್ ಎಂದು ಅವಳ ತೋಳು ತಟ್ಟಿ ಅತ್ತ ಹೋದ.

ಗುರುರಾಜ ಹೊರಗೆ ಕಾರಿನಲ್ಲಿ ಕಾಯುತ್ತಿದ್ದ. ಕ್ರೇಗ್ ತಟ್ಟಿದ ಜಾಗವನ್ನು ಚಂಪಾ ಕರವಸ್ತ್ರದಿಂದ ಒರೆಸಿಕೊಳ್ಳುವುದನ್ನು ನೋಡಿ, ಏನಂದ ಎಂದು ಕೇಳಿದ.

"ಅವಂಗ ಕೇಳೂದ ಬ್ಯಾಡಂತ" ಎಂದಳು ಚಂಪಾ.

ಗುರುರಾಜ ಕಾರು ಚಾಲೂ ಮಾಡಿದ. ಚಂಪಾ ಕಿಟಕಿಯ ಗಾಜು ಪೂರ್ತಿ ಇಳಿಸಿದಳು. ಆಗಸ್ಟಿನ ಚಳಿಗಾಳಿ ಮುಖಕ್ಕೆ ಹೊಡೆಯುತ್ತಿದ್ದರೂ ಮನೆ ಬರುವವರೆಗೆ ಅದನ್ನು ಏರಿಸಲಿಲ್ಲ.